ಸೆಲ್ಯುಲೈಟಿನ ತವರುಮನೆ

ಬೇಲೂರಿನ ನಮ್ಮ ಸೋದರತ್ತೆಯ ಮನೆಗೆ ಹೊಸ ಸೊಸೆ ಬೇಕಾದರೆ ಸಲೀಸಾಗಿ ಕಾಲಿಡಬಹುದು, ಹೊಸ ಪದ ಕಾಲಿಡುವುದು ಮಾತ್ರ ಬಲು ಕಷ್ಟ! ಯಾವೂರು, ಯಾರ ಪೈಕಿ, ತವರಿನಲ್ಲಿ ಯಾರ್ಯಾರಿದ್ದಾರೆ, ಎಲ್ಲ ವಿಚಾರಿಸದೆ ಹೊಸಿಲು ದಾಟಿಸುವವರಲ್ಲ. ಒಮ್ಮೆ ಪಿಜ್ಜಾ ಒಯ್ದಿದ್ದೆ. ಅದರ ಕುಲಗೋತ್ರ ಹೇಳಿ ಮುಗಿಸುವಷ್ಟರಲ್ಲಿ ಅದು ತಣ್ಣಗಾಗಿ ಮರದ ಹಲಗೆ! "ಇಟಲಿಯವರಾ? ಇರಲಿ, ದೂರದ ಸಂಬಂಧ. ಒಂದು ಚೂರು ಕೊಡು" ಎಂದವರು ಮುಕ್ಕಾಲು ಮುಗಿಸಿದರು.

ಇಂಥವರೆದುರು ನನ್ನ ಮಗಳು, ಡಿಗ್ರಿ ಕಾಲೇಜಿನ ಕಬಡ್ಡಿ ತಂಡದ ನಾಯಕಿ, ಅರಸೀಕೆರೆಯ ಫೈನಲ್ಲಿಗೆ ಹೋಗುವುದಿಲ್ಲ ಎಂದು ಮುಖ ಊದಿಸಿ ಕೂತಳು.

"ಯಾಕೇ, ಕಾಲು ಉಳುಕಿತಾ?"

"ಚಡ್ಡಿ ಹಾಕ್ಕೋಬೇಕು ಅಜ್ಜಿ. ತೊಡೇಲಿ ಸೆಲ್ಯುಲೈಟ್ ಇದೆ. ಫೋಟೋ ನೋಡಿ ಎಲ್ಲ ನಗ್ತಾರೆ."

ಅತ್ತೆಯ ಕಣ್ಣು ಮಿಂಚಿತು. ಹೊಸ ಪದ! "ಯಾರೇ ಅವಳು? ಯಾವೂರು?"

ದಲ್ಲಾಳಿ ಯಾರು? ನಾನೇ! ಮೊಬೈಲ್ ತೆರೆದು ವರದಿ ಒಪ್ಪಿಸಿದೆ. "ತವರು ಫ್ರಾನ್ಸು ಅತ್ತೆ, ಅಜ್ಜಿಮನೆ ಲ್ಯಾಟಿನ್. ಸೆಲ್ಯೂಲ್ ಅಂದ್ರೆ ಪುಟ್ಟ ಕೋಣೆ. ಹಿಂದಿರೋ 'ಐಟ್' ಉರಿ, ಊತದ ಕಾಯಿಲೆಗಳಿಗೆ ಅಂಟಿಸೋ ಬಾಲ. ಮೊದಲು ಡಾಕ್ಟರುಗಳ ಮಾತಂತೆ. ಆಮೇಲೆ ಸೌಂದರ್ಯದ ಅಂಗಡಿಯವರು ತೊಡೆಯ ಗುಳಿಗಳಿಗೆ ಇಟ್ಕೊಂಡ್ರಂತೆ."

"ಉರಿಯುತ್ತೇನೇ?" ಅತ್ತೆ ಮಗಳನ್ನು ಕೇಳಿದರು.

"ಇಲ್ಲ."

"ನೋವು?"

"ಇಲ್ಲ ಅಜ್ಜಿ."

"ಮತ್ತೆ ಕಾಯಿಲೆ ಯಾರಿಗೆ? ಹೆಸರಿಟ್ಟೋರಿಗಾ?"

"ದೇವಸ್ಥಾನದ ಶಿಲಾಬಾಲಿಕೆಯರ ತೊಡೆ ಎಷ್ಟು ನುಣ್ಣಗಿದೆ!"

"ಅವರು ಕಲ್ಲು ಕಣೇ! ಉಣ್ಣಲ್ಲ, ಓಡಲ್ಲ. ಅವರ ತೊಡೆ ಮೇಲೆ ಮಗು ಮಲಗಿಸಿ ನೋಡು, ನೆಗಡಿ ಹಿಡಿಯುತ್ತೆ!"

ಆಮೇಲೆ, ನಮಗೆ ಪಾದದ ಗೆಣ್ಣನ್ನೂ ತೋರಿಸಿರದ ಅತ್ತೆ, ಬಾಗಿಲ ಅಗಳಿ ಹಾಕಿಸಿ ಸೀರೆಯನ್ನು ಮಂಡಿಯಿಂದ ಗೇಣು ಮೇಲಕ್ಕೆತ್ತಿದರು. ಬೆರಳಲ್ಲಿ ತಟ್ಟಿದ ರಾಗಿರೊಟ್ಟಿಯ ಹಾಗೆ ತೊಡೆಯ ತುಂಬ ಗುಳಿ!

"ನೋಡು. ನಿಮ್ಮಮ್ಮ, ನಿಮ್ಮ ಮಾವಂದಿರು, ನೀನು, ಎಲ್ಲರೂ ಮಲಗಿದ್ದು ಇಲ್ಲೇ. ಗುಳಿ ಚುಚ್ಚಿತು ಅಂತ ಒಬ್ಬರಾದರೂ ಅತ್ರಾ?"

ಮಗಳು ಚಡ್ಡಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಆಟ ನೋಡಲು ಅತ್ತೆಯೂ ನಮ್ಮ ಜೊತೆ ಹೊರಟುಬಂದರು. ಫೈನಲ್ಲಿನಲ್ಲಿ ಮಗಳ ತಂಡ ಸೋತಿತು. ಆದರೆ ಆಡಿದ ಆಟವೇನು! ಅಂಕಣದ ಮಣ್ಣೆಲ್ಲ ಇವಳ ಮೈಮೇಲೇ ಇತ್ತು. ಬೇಲೂರಿನ ಬಸ್ಸು ಹಳೇಬೀಡು ತಲುಪುವ ಮೊದಲೇ ಅತ್ತೆಯ ತೊಡೆಗೆ ತಲೆಯಿಟ್ಟು, ಸೀಟಿನ ತುಂಬ ಕಾಲು ಮಡಚಿ ನಿದ್ದೆಹೋದಳು. ಕಂಡಕ್ಟರ್ ಬಂದ. "ಅಜ್ಜಿ, ಅವ್ರನ್ನ ಒಸಿ ಎಬ್ಬಿಸಿ, ಇನ್ನೊಬ್ರು ಕೂತ್ಕತಾರೆ."

ಹೆತ್ತ ಮಕ್ಕಳಿಲ್ಲದ ನಮ್ಮತ್ತೆ ತುಟಿಗೆ ಬೆರಳಿಟ್ಟರು.

"ಮೆಲ್ಲಗೆ ಕಣಪ್ಪ. ಪುಟ್ಟ ಕೋಣೇಲಿ ಮಗು ಮಲಗಿದೆ."