ನಾನೇ ಕೆತ್ತಿದ 'ತಿರಸ್ಕೃತ' ಮೊಹರಿಗೆ ಒಂದು ಅಹವಾಲು

ಪೌರತ್ವ ಕಚೇರಿಯ ಮೂರನೇ ಮೇಜಿನ ಮೇಲೆ, ಶಾಯಿ ಪ್ಯಾಡಿನ ಪಕ್ಕದಲ್ಲಿ ವಿರಾಜಮಾನರಾಗಿರುವ 'ತಿರಸ್ಕೃತ' ಮೊಹರಿನವರ ಸನ್ನಿಧಿಗೆ, ತಮ್ಮನ್ನು ಕೈಯಾರೆ ಕೆತ್ತಿದ ಮೊಹರುಗಾರನು ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ದಿನಕ್ಕೆ ಇನ್ನೂರು ಅರ್ಜಿಗಳ ಮೇಲೆ ಎರಗುವವರ ಆರೋಗ್ಯಕ್ಕೇನು ಕಡಿಮೆ? ನಮ್ಮ ಮನೆತನ ಎಷ್ಟೋ ಸರ್ಕಾರಗಳಿಗೆ ಮೊಹರು ಮಾಡಿಕೊಟ್ಟಿದೆ. ಅಜ್ಜ ಅರಸರಿಗೆ 'ಪ್ರಜೆ' ಎಂದು ಕೆತ್ತಿಕೊಟ್ಟರು. ಅರಸರನ್ನು ಇಳಿಸಿ ಬಂದ ಸೇನಾಪತಿಗೆ ಅಪ್ಪ 'ವಿಧೇಯ ಪ್ರಜೆ' ಎಂದು ಕೆತ್ತಿದರು. ಗಣರಾಜ್ಯ ಬಂದ ಮೇಲೆ ನಾನು 'ನಾಗರಿಕ' ಎಂದು ಕೆತ್ತಿ, ಇನ್ನು ಈ ಕಸುಬಿಗೆ ಕೆಲಸವಿಲ್ಲ ಎಂದುಕೊಂಡೆ. ಎಲ್ಲಿಯ ಮಾತು! ನಿಯಮ ಬದಲಾಗಿ 'ತಾತ್ಕಾಲಿಕ ನಾಗರಿಕ', ಮತ್ತೆ ಬದಲಾಗಿ 'ಓಟಿಲ್ಲದ ನಾಗರಿಕ', ಕೊನೆಗೆ ಈ ವರ್ಷ ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕೆಂದಾಗ ತಮ್ಮ ಅವತಾರವಾಯಿತು.

ಹೊಸ ಮೊಹರನ್ನು ಕೊಡುವ ಮುಂಚೆ ಕೈಗೆ ಸಿಕ್ಕ ಕಾಗದದ ಮೇಲೆ ಒಮ್ಮೆ ಒತ್ತಿ ನೋಡುವುದು ನಮ್ಮ ಕಸುಬಿನ ಪದ್ಧತಿ. ಆ ದಿನ ಕೈಗೆ ಸಿಕ್ಕಿದ್ದು ನಾನು ಬೆಳಗ್ಗೆಯಷ್ಟೇ ತುಂಬಿಟ್ಟಿದ್ದ ನನ್ನದೇ ಅರ್ಜಿಯ ಹಿಂಬದಿ. ಅಕ್ಷರ ಎಷ್ಟು ಮುದ್ದಾಗಿ ಮೂಡಿತೆಂದರೆ, ಆ ಖುಷಿಯಲ್ಲಿ ಕಾಗದ ಯಾವುದೆಂದು ನೋಡುವುದನ್ನೇ ಮರೆತೆ; ಮರುದಿನ ಅದನ್ನೇ ಕಚೇರಿಯಲ್ಲಿ ಕೊಟ್ಟೆ. ಗುಮಾಸ್ತರು ತಿರುಗಿಸಿ ನೋಡಿ, ಮೇಲಿನವರ ತೀರ್ಮಾನ ಆಗಲೇ ಆಗಿದೆಯೆಂದು ನನ್ನ ಹೆಸರು ಹೊಡೆದುಹಾಕಿದರು. "ಸ್ವಾಮಿ, ಅದು ನಾನೇ ಒತ್ತಿದ್ದು, ತಪ್ಪಾಗಿದೆ ಅಂತ ಪೆನ್ನಲ್ಲಿ ಬರೆದುಬಿಡಿ" ಎಂದು ಗೋಗರೆದೆ. "ಪೆನ್ನಿಗೆ ಬೆಲೆ ಇಲ್ಲ ಕಣ್ರೀ, ಸೀಲಿಗೆ ಮಾತ್ರ. ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಚುನಾವಣೆ ಇರುವುದು ಮುಂದಿನ ತಿಂಗಳು.

ಮನೆಯಲ್ಲಿ ನನ್ನ ಸ್ಥಿತಿ ಕೇಳಬೇಡಿ. ಹೆಂಡತಿಯ ಅರ್ಜಿ ಪಾಸಾಗಿದೆ. ಓಟು ಕೇಳಲು ಬಂದವರು ಅವಳಿಗೆ ಕೈಮುಗಿದು, ನನ್ನತ್ತ ನೋಡಿದಾಗ, "ಇವರು ಸದ್ಯಕ್ಕೆ ನಮ್ಮನೇಲಿ ಇದ್ದಾರೆ, ಅಷ್ಟೆ" ಎಂದು ಪರಿಚಯ ಮಾಡಿಕೊಟ್ಟಳು. ನಾನೂ ನಕ್ಕೆ. ಅಜ್ಜನಿಗೂ ಅಪ್ಪನಿಗೂ ಇಲ್ಲದ ಓಟು ನನಗೆ ಬಂದಿತ್ತು. ಜ್ವರವಿದ್ದಾಗಲೂ ಅದನ್ನು ತಪ್ಪಿಸಿದವನಲ್ಲ.

ಆದ್ದರಿಂದ ತಾವು ದಯಮಾಡಿ ಆ ಕಾಗದದಿಂದ ಎದ್ದು ಹೋಗಬೇಕು. ಅದು ಘನತೆಗೆ ಕುಂದೆನಿಸಿದರೆ, ಕೆತ್ತಿದವನೆಂಬ ಕರುಣೆಯಿಂದ ನನ್ನನ್ನು ಸೊಂಟದವರೆಗೆ ಮಾತ್ರ ತಿರಸ್ಕರಿಸಿ; ಓಟು ಹಾಕಲು ಬೇಕಾದ ಬೆರಳು ಹೇಗೂ ಮೇಲ್ಭಾಗದಲ್ಲಿದೆ.

ಸದಾ ತಮ್ಮ ಅಡಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಮೊಹರುಗಾರ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಗುಮಾಸ್ತರೇ ಓಡೋಡಿ ಬಂದರು. ಬಿಡುವಿಲ್ಲದ ಸೇವೆಯಿಂದ ತಮ್ಮ ರಬ್ಬರು ಹರಿದುಹೋಯಿತಂತೆ. ಹೊಸದು ಇವತ್ತೇ ಬೇಕಂತೆ. ಊರಿಗೆಲ್ಲ ಮೊಹರುಗಾರ ನಾನೊಬ್ಬನೇ. ನಾಗರಿಕರಲ್ಲದವರು ಸರ್ಕಾರಿ ಮೊಹರು ಕೆತ್ತಕೂಡದೆಂಬ ನಿಯಮವನ್ನು ಅವರಿಗೆ ಓದಿ ಹೇಳಿದೆ. "ನಿಮ್ಮ ಹೆಸರು ಈಗಲೇ ಸೇರಿಸ್ತೀನಿ ಯಜಮಾನ್ರೇ" ಎಂದು ಕೈಹಿಡಿದುಕೊಂಡರು. ಓಟಿನ ಆಸೆ ನನಗಿಲ್ಲವೆಂದಲ್ಲ. ಆದರೆ ತಿರಸ್ಕರಿಸಲು ಮೊಹರಿಲ್ಲದೆ, ಸಾಲಿನಲ್ಲಿ ನಿಂತ ನಾನೂರು ಜನರೂ ಬೆಳಗಿನಿಂದ ಒಬ್ಬೊಬ್ಬರಾಗಿ ಪಾಸಾಗುತ್ತಿದ್ದಾರಂತೆ. ನಿಯಮ ಮುರಿಯುವುದು ಬೇಡ ಸ್ವಾಮಿ, ಆರು ತಿಂಗಳು ಬಿಟ್ಟೇ ಬರುತ್ತೇನೆ ಎಂದೆ.