ಕೊಟ್ಟಿಗೆ ಕಳ್ಕೊಂಡ ಕೆಂಪು ಕಾರಿಗೆ, ಎಣ್ಣೆ ವಿಚಾರವಾಗಿ

ಅಜ್ಜಂಪುರ, 1984

ಮಾನ್ಯರೇ, ಎರಡೇ ಸೀಟಿನ, ತಲೆ ಮೇಲೆ ಸೂರಿಲ್ಲದ, ರೇಸ್ ಓಡಿದ ಕಾರು ಮಹಾಶಯರೇ,

ಕೊಬ್ಬರಿ ವ್ಯಾಪಾರದ ದೇವೀರಪ್ಪ ಮಾಡೋ ಅನಂತ ನಮಸ್ಕಾರಗಳು. ತಮ್ಮ ರೇಡಿಯೇಟರ್‌ನಲ್ಲಿ ನೀರು, ಟೈರಲ್ಲಿ ಗಾಳಿ ಕ್ಷೇಮವಾಗಿವೆ ಅಂತ ನಂಬಿದ್ದೀನಿ. ನಾನು ಬರೆದಿದ್ದು ನನಗೇ ಓದೋಕಾಗಲ್ಲ, ಅದಕ್ಕೇ ಈ ಬಹಿರಂಗ ಪತ್ರಾನ ಟೇಪ್ ರೆಕಾರ್ಡರ್ ಮುಂದೆ ಕೂತು ಹೇಳ್ತಿದ್ದೀನಿ. ಮಧ್ಯೆ ಎಮ್ಮೆ ಕೂಗಿದ್ರೆ ಅದು ಪತ್ರದ ಭಾಗ ಅಲ್ಲ, ಪತ್ರದ ಕಾರಣ.

ಕಾಫಿ ತೋಟದ ದೊರೆಗಳ ಕೈಲಿ ಮೆರೆದ ತಾವು ನಮ್ಮ ಕೊಟ್ಟಿಗೆಗೆ ಬಂದು ಹನ್ನೊಂದು ವರ್ಷ. ಅಷ್ಟು ವರ್ಷಾನೂ ಕಡೂರಿನ ಮೆಕ್ಯಾನಿಕ್ ಬೀರಯ್ಯ ಟ್ರ್ಯಾಕ್ಟರ್‌ಗೆ ಹಾಕೋ ಗಟ್ಟಿ ಎಣ್ಣೇನೇ ತಮಗೂ ಹಾಕ್ದ, ತಾವೂ ಮುದ್ದೆ ನುಂಗಿದ ಹಾಗೆ ನುಂಗಿ, ಒಂದು ದಿನಾನೂ ಚಕಾರ ಎತ್ತಲಿಲ್ಲ. ಆದ್ರೆ ನಮ್ಮ ತೀರ್ಥಮ್ಮ, ಅಂದ್ರೆ ತಮ್ಮನ್ನ 'ಸವತಿ' ಅಂತ ಕರೆಯೋ ನನ್ನ ಹೆಂಡ್ತಿ, ಒಂದು ಕರಾರು ಹಾಕಿದ್ಲು: ಅಮೃತಾಪುರದ ದೇವಸ್ಥಾನಕ್ಕೆ ಹೋಗಿ ಬರೋವರೆಗೆ ದಾರೀಲಿ ನಿಲ್ದಿದ್ರೆ ಕೊಟ್ಟಿಗೆ ತಮಗೆ, ನಿಂತ್ರೆ ಅವಳ ತವರಿಂದ ಬರೋ ಎಮ್ಮೆಗೆ.

ಆ ಭಯಕ್ಕೇ ಕಣ್ರೀ ನಾನು ಎಣ್ಣೆ ಬದಲಾಯಿಸಿದ್ದು. ತರೀಕೆರೆಯ ಭಾವಮೈದ ಸೋಮಶೇಖರಪ್ಪ, "ಏನು ಭಾವ, ರೇಸ್ ಕಾರಿಗೆ ಟ್ರ್ಯಾಕ್ಟರ್ ಎಣ್ಣೆಯಾ? ಮದುಮಗಳಿಗೆ ಗೋಣಿಚೀಲ ಉಡಿಸಿದ ಹಾಗಾಯ್ತು!" ಅಂತ ಹೊಸ ನಮೂನೆ ತೆಳು ಎಣ್ಣೆ ಡಬ್ಬ ತಂದಿಟ್ಟ. ಚಳಿಗೂ ಸೆಕೆಗೂ ಅದೊಂದೇ ಸಾಕಂತೆ, ಒಳಗಿನ ಕೊಳೇನೂ ತೊಳೆಯುತ್ತಂತೆ. ಬೀರಯ್ಯ ತಲೆ ಚಚ್ಕೊಂಡ: "ಬ್ಯಾಡಿ ಸ್ವಾಮಿ, ಇದರ ಸಂದಿಗೊಂದಿ ಮುಚ್ಚಿರೋದೇ ಆ ಕೊಳೆ. ಅದನ್ನ ತೊಳೆದ್ರೆ ಉಳಿಯೋದು ಜರಡಿ." ನಾನು ನೆಂಟನ ಮಾತು ಕೇಳ್ದೆ.

ಅಬ್ಬಾ, ತಮ್ಮ ಔದಾರ್ಯವೇ! ಅಮೃತಾಪುರ ಇನ್ನೊಂದು ಮೈಲಿ ಇದೆ ಅನ್ನುವಾಗ ಎಣ್ಣೆ ಮೀಟರಿನ ಮುಳ್ಳು ಮಲಗಿಬಿಡ್ತು. ಹಿಂದೆ ನೋಡಿದ್ರೆ ರಸ್ತೆ ಉದ್ದಕ್ಕೂ ತಾವು ಎಳೆದ ಕರೀ ಗೆರೆ, ಸರ್ವೆಯವರೂ ಅಷ್ಟು ನೇರ ಎಳೆದಿಲ್ಲ. ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಇಂಥ ಎಣ್ಣೆ ಬಳಿಯೋದು ನಮ್ಮ ಕಡೆ ವಾಡಿಕೆ ನೋಡಿ, ಪಕ್ಕದ ಹೊಲದ ಲಕ್ಷ್ಮಣಪ್ಪ ಚೊಂಬು ತಂದು ತಮ್ಮ ಹೊಟ್ಟೆ ಕೆಳಗೆ ಇಟ್ಟೇಬಿಟ್ಟ. ನಾನು ಎಂಜಿನ್ ಆರಿಸಿದ್ರೆ, "ಸ್ವಾಮಿ, ಇನ್ನೆರಡು ಕಂಬ ಉಳೀತು, ವಸಿ ರೇಸ್ ಕೊಡ್ರಿ" ಅಂತಾನೆ! ಅಷ್ಟರಲ್ಲಿ ಬಸ್ಸು ಬಂತು, ನನ್ನ ಪಕ್ಕದ ಸೀಟಲ್ಲಿದ್ದ ತೀರ್ಥಮ್ಮ ಇಳಿದು ಅದನ್ನ ಹತ್ತಿದ್ಲು, ಕಿಟಕೀಲಿ ತಲೆ ಹಾಕಿ, "ರೀ, ಎಮ್ಮೆ ಕಟ್ಟಿಸಿರ್ತೀನಿ, ನೀವು ನಿಧಾನಕ್ಕೆ ಬನ್ನಿ" ಅಂದ್ಲು.

ತಾವು ಎತ್ತಿನ ಗಾಡಿ ಹಿಂದೆ ಹಗ್ಗ ಕಟ್ಟಿಸ್ಕೊಂಡು ಊರಿಗೆ ಬಂದಿರಿ. ಈಗ ಕೊಟ್ಟಿಗೇಲಿ ಎಮ್ಮೆ, ಅಂಗಳದಲ್ಲಿ ತೆಂಗಿನ ಗರಿ ಹೊದ್ಕೊಂಡು ತಾವು. ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನಂದ್ರೆ, ತೊಳೆದುಹೋದ ಹನ್ನೊಂದು ವರ್ಷದ ಕೊಳೇನ ದಯವಿಟ್ಟು ವಾಪಸ್ ಕರೆಸ್ಕೊಳ್ಳಿ, ಅದಾಗದಿದ್ರೆ ಎಮ್ಮೆಗೆ ತಾವೇ ಹಾರ್ನ್ ಹೊಡೆದು ವಿನಯವಾಗಿ ಎಬ್ಬಿಸಿ. ತಪ್ಪು ನಂದೇ ಅಂತ ಒಪ್ಕೋತೀನಿ, ಆದ್ರೆ ತೀರ್ಥಮ್ಮನ ಮುಂದೆ ಒಪ್ಕೊಳ್ಳೋ ಧೈರ್ಯ ಇಲ್ದೆ ತಮ್ಮ ಮೇಲೆ ಹಾಕಿದ್ದೀನಿ, ಕ್ಷಮಿಸಿ.

ಇಂತಿ, ಸೋರಿದ್ರೂ ತಮ್ಮನ್ನ ಬಿಡದ ವಿಶ್ವಾಸಿ,
ದೇವೀರಪ್ಪ

ಮರೆತ ಮಾತು: ಕೊಟ್ಟಿಗೆ ಕಂಬಕ್ಕೇ ಈಗ ಗೆದ್ದಲು ಹತ್ತಿದೆ. ತಾವು ಒಂದು ಚೊಂಬು ಎಣ್ಣೆ ದಯಪಾಲಿಸಿದ್ರೆ ಅರ್ಧ ಕೊಟ್ಟಿಗೆ ಬಿಟ್ಕೊಡ್ತಾಳಂತೆ ತೀರ್ಥಮ್ಮ. ಚೊಂಬು ಹಿಡ್ಕೊಂಡು ಬೆಳಿಗ್ಗೆಯಿಂದ ತಮ್ಮ ಅಡಿಯಲ್ಲೇ ಮಲಗಿದ್ದೀನಿ. ಬೀರಯ್ಯ ಮತ್ತೆ ಗಟ್ಟಿ ಎಣ್ಣೆ ಹಾಕಿ ಮೂರು ದಿನ ಆಯ್ತು, ಇವತ್ತಿಗೂ ಒಂದು ತೊಟ್ಟು ಬಿದ್ದಿಲ್ಲ. ಲಕ್ಷ್ಮಣಪ್ಪ ಕೇಳಿದ್ರೆ ಸುರೀತೀರಿ, ಮನೆಯವರು ಕೇಳಿದ್ರೆ ಇಷ್ಟು ಬಿಗುಮಾನವೇ?