ಡಾಂಬರು ಗುಳಿಗೆ, ಸುಣ್ಣ, ಬಿಳಿ ಪಂಚೆ

ಏನೂ ಓದದವಳ ಕೈಯಲ್ಲಿ ಅಡುಗೆ ಕೆಟ್ಟರೆ ಕೆಟ್ಟೀತು, ಅಷ್ಟೆ. ಅರ್ಧ ವಿಜ್ಞಾನ ಓದಿದವಳ ಕೈಗೆ ಮನೆ ಕೊಟ್ಟರೆ ಯಾವ ಪದಾರ್ಥ ಯಾವಾಗ ಏನಾಗುತ್ತದೋ ಶಿವನೇ ಬಲ್ಲ. ನಾನು ಹತ್ತನೇ ಕ್ಲಾಸಿನ ತನಕ ಓದಿದವಳು. ಪದಾರ್ಥಗಳ ಬದಲಾವಣೆಯಲ್ಲಿ ಎರಡು ಜಾತಿ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೊದಲಿನ ಸ್ಥಿತಿಗೆ ಸುಲಭವಾಗಿ ಬಂದರೆ ಭೌತ ಬದಲಾವಣೆ, ಮಂಜುಗಡ್ಡೆ ಕರಗಿ ನೀರಾದ ಹಾಗೆ. ಬಾರದೇ ಹೋದರೆ ರಾಸಾಯನಿಕ, ಕಾಗದ ಸುಟ್ಟ ಹಾಗೆ. ಮರ್ಯಾದೆ ಹೋಗುವುದು ಈ ಎರಡನೇ ಜಾತಿ ಎಂದು ತಿಳಿದದ್ದು ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದ ಮೇಲೆ.

ಆಗ ನಾದಿನಿಗೆ ಗಂಡು ಹುಡುಕುತ್ತಿದ್ದೆವು. ಹುಡುಗಿ ಲಕ್ಷಣವಾಗಿದ್ದಳು, ಕೆಲಸದಲ್ಲೂ ಚುರುಕು. ಓದಿದ್ದು ಮಾತ್ರ ಏಳನೇ ಕ್ಲಾಸು. ಎರಡು ಕಡೆಯವರು ಬಂದು, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, "ಓದು ಕಮ್ಮಿಯಾಯ್ತು" ಎಂದು ಹೇಳಿಕಳಿಸಿದ್ದರು. ಈಗ ಶಿವಮೊಗ್ಗದಿಂದ ಅಡಿಕೆ ಮಂಡಿಯವರ ಸಂಬಂಧ ಬಂದಿತ್ತು. ಇದೂ ತಪ್ಪಿದರೆ ಜನ ಹುಡುಗಿಯಲ್ಲೇ ಏನೋ ಐಬು ಎನ್ನುತ್ತಾರೆಂದು ಅತ್ತೆಗೆ ಅನ್ನ ಸೇರುತ್ತಿರಲಿಲ್ಲ.

ಗುಳಿಗೆ

ನಾದಿನಿಗೆ ಉಡಿಸಬೇಕೆಂದು ಅತ್ತೆ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದರು. ನುಸಿ ಹಿಡಿಯದಿರಲಿ ಎಂದು ಮಡಿಕೆಯಲ್ಲಿ ಇಟ್ಟಿದ್ದ ಡಾಂಬರು ಗುಳಿಗೆ ಒಂದೂ ಇರಲಿಲ್ಲ.

"ಯಾರೋ ಕೈ ಹಾಕಿದ್ದಾರೆ ಕಣೇ" ಎಂದು ಅತ್ತೆ ಪಕ್ಕದ ಮನೆಯ ಕಡೆ ಗೋಣು ಆಡಿಸಿದರು. ಪಕ್ಕದ ಮನೆಯ ತಮಿಳಿನಾಕೆ ದಿನಾ ಆ ಕೋಣೆಯಲ್ಲೇ ಕೂತು ನನ್ನ ಮಗನನ್ನು ಆಡಿಸುತ್ತಿದ್ದರು.

"ಅಯ್ಯೋ, ಗುಳಿಗೆ ಯಾರು ಕದೀತಾರೆ ಅತ್ತೆ? ಅದು ಕರಗದೇನೇ ಆವಿಯಾಗಿ ಹೋಗುತ್ತೆ. ಕರ್ಪೂರ ತೆರೆದಿಟ್ರೆ ಸಣ್ಣಗಾಗಲ್ವಾ, ಹಾಗೆ."

ಅತ್ತೆ ಒಪ್ಪಿದರು. ನಾನು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನೆಟ್ಟಗೆ ಪಕ್ಕದ ಮನೆಗೆ ಹೋದೆ. ಆಕೆ ದೋಸೆ ಹುಯ್ಯುತ್ತಿದ್ದರು.

"ಅಕ್ಕಾ, ನೀವು ಕದ್ದಿಲ್ಲ ಅಂತ ಅತ್ತೆಗೆ ವಿಜ್ಞಾನದ ಪ್ರಕಾರ ತೋರಿಸಿಕೊಟ್ಟೆ. ನೀವೇನೂ ಮನಸ್ಸಿಗೆ ಹಚ್ಕೋಬೇಡಿ."

ದೋಸೆ ಮಗುಚುತ್ತಿದ್ದ ಕೈ ನಿಂತಿತು. "ನಾನು ಏನು ಕದ್ದಿಲ್ಲಮ್ಮಾ?"

"ಡಾಂಬರು ಗುಳಿಗೆ."

"ಕದ್ದೆ ಅಂತ ಹೇಳಿದ್ದು ಯಾರಮ್ಮಾ?"

ದೋಸೆ ಸೀದು ಕರ್ರಗಾಯಿತು. ಅವರ ಮುಖ ಅದಕ್ಕಿಂತ ಕರ್ರಗಾಯಿತು. ಮರುದಿನದಿಂದ ನಮ್ಮ ಹೊಸಿಲು ತುಳಿಯಲಿಲ್ಲ.

ಅತ್ತೆ ಹಣೆ ಚಚ್ಚಿಕೊಂಡರು. "ಗುಳಿಗೆ ಹೋದ್ರೆ ಹೋಗ್ಲಿ, ಒಳ್ಳೆ ನೆರೆಯವಳನ್ನೂ ಆವಿ ಮಾಡಿಬಿಟ್ಯಲ್ಲೇ ಮಾರಾಯ್ತಿ!"

ಸುಣ್ಣ

ಗಂಡಿನವರು ಬರುತ್ತಾರೆಂದು ಗೋಡೆಗೆ ಸುಣ್ಣ ಹೊಡೆಯುವುದೆಂದಾಯಿತು. ಹಿತ್ತಲಲ್ಲಿ ಹಳೇ ಡ್ರಮ್ಮಿಗೆ ಸುಣ್ಣದ ಹರಳು ಹಾಕಿ ನೀರು ಹೊಯ್ದರೆ ಒಲೆಯಿಲ್ಲದೆ ಕೊತಕೊತ ಕುದಿಯಿತು. ಇಷ್ಟು ಕಾವು ಸುಮ್ಮನೆ ಹೋಗುತ್ತಿದೆಯಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಮಗನ ಹಾಲಿನ ಅಲ್ಯುಮಿನಿಯಂ ಪಾತ್ರೆಯನ್ನು ತಂದು ಅದರ ನಡುವೆ ಕೂರಿಸಿದೆ.

"ಇದೇನೇ?" ಎಂದರು ಯಜಮಾನರು.

"ಸೌದೆ ಉಳಿತಾಯ. ನಿಮ್ಮ ಕಾರ್ಖಾನೆಯೋರಿಗೂ ಹೊಳೆದಿಲ್ಲ."

ಪಾತ್ರೆಯ ಸುತ್ತ ನೊರೆ ಎದ್ದಿತು. ಹಾಲು ಕಾಯುತ್ತಿದೆ ಎಂದು ಹಿಗ್ಗಿದೆ. ಅಲ್ಯುಮಿನಿಯಮ್ಮನ್ನು ಸುಣ್ಣ ತಿಂದುಹಾಕುತ್ತದೆ ಎಂಬ ಪಾಠದ ದಿನ ನಾನು ಯಾರ ಮದುವೆಯ ಊಟಕ್ಕೆ ಹೋಗಿದ್ದೆನೋ! ಅಳುತ್ತಿದ್ದ ಮಗನನ್ನು ಎತ್ತಿಕೊಂಡು ಬರುವಷ್ಟರಲ್ಲಿ ಸವೆದಿದ್ದ ತಳ ಜರಡಿಯಾಗಿತ್ತು. ಹಾಲೂ ಬಿಳಿ, ಸುಣ್ಣವೂ ಬಿಳಿ. ಸೋರಿದ್ದು ಗೊತ್ತಾಗುವುದಾದರೂ ಹೇಗೆ?

ಮಗ ಹಸಿವಿಗೆ ಅರಚಿದ. ಪಕ್ಕದ ಮನೆಯಾಕೆ ಕಿಟಕಿಯಿಂದ ಒಂದು ಲೋಟ ಹಾಲು ನೀಡಿದರು. ಹೊಸಿಲು ಮಾತ್ರ ಆಗಲೂ ತುಳಿಯಲಿಲ್ಲ. ಲೋಟ ವಾಪಸು ಕೊಡುವಾಗ ನಾನು ನೆಲ ನೋಡುತ್ತಿದ್ದೆ.

ಬೇರೆ ಸುಣ್ಣ ತರಲು ಹೊತ್ತಿರಲಿಲ್ಲ, ಅದನ್ನೇ ಬಳಿದೆವು. ಗೋಡೆ ಥಳಥಳ ಎಂದಿತು. ಯಜಮಾನರು ಅದನ್ನು ತಟ್ಟಿ ಹೇಳಿದರು: "ಈ ಮನೇಲಿ ಹೊಟ್ಟೆ ತುಂಬ ಹಾಲು ಕುಡಿದಿರೋದು ಇದೊಂದೇ."

ಪಂಚೆ

ಗಂಡು, ಅವನ ತಾಯಿ, ತಂದೆ ಬಂದರು. ತಂದೆಯದು ಹಣೆ ತುಂಬ ವಿಭೂತಿ, ಕೊಕ್ಕರೆಯಂಥ ಬಿಳಿ ಪಂಚೆ. ಅತ್ತೆ ನನಗೆ ಮೊದಲೇ ಹೇಳಿದ್ದರು: "ಓದಿನ ಮಾತು ಬಂದ್ರೆ ನೀನು ಮುಂದೆ ಬಾ. ಹತ್ತನೇ ಓದಿದ ಅತ್ತಿಗೆ ಮನೇಲೇ ಹೇಳಿಕೊಡ್ತಾಳೆ ಅಂದುಬಿಡ್ತೀನಿ."

ಗಂಡಿನ ತಾಯಿ ಹಿತ್ತಲಿಗೆ ಕೈಕಾಲು ತೊಳೆಯಲು ಹೋಗಿದ್ದಾಗ ನನ್ನ ಮಗ ತಟ್ಟೆಯಿಂದ ಅರಿಶಿನದ ಬಟ್ಟಲು ಎಳೆದ. ಅದು ನೇರ ಹಿರಿಯರ ತೊಡೆಯ ಮೇಲೆ ಕವುಚಿತು.

"ಇರಲಿ ಬಿಡಿ, ಅರಿಶಿನ ಚೆಲ್ಲಿದ್ರೆ ಶುಭ" ಎಂದರು ಪುಣ್ಯಾತ್ಮರು.

"ಕಲೆ ಉಳಿಯುತ್ತೆ. ಒಂದೇ ನಿಮಿಷ" ಎಂದು ನಾನು ಬಟ್ಟೆ ಸೋಪು, ಒದ್ದೆ ಬಟ್ಟೆ ತಂದು ಅವರು ಬೇಡ ಬೇಡ ಎನ್ನುತ್ತಿದ್ದರೂ ಪಂಚೆಯ ಅಂಚು ಹಿಡಿದು ತಿಕ್ಕಿದೆ. ಹಳದಿ ಹೋಯಿತು. ಅದರ ಜಾಗದಲ್ಲಿ ರಕ್ತದಂಥ ಕೆಂಪು ಬಂತು. ಆರತಿಯ ಓಕುಳಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡುವುದು ಮೂರು ವರ್ಷದ ಮಗುವಿಗೂ ಗೊತ್ತು. ಸೋಪಿಗೂ ಅದೇ ಗುಣ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಗಂಡಿನ ತಾಯಿ ಒಳಗೆ ಬಂದರು. ಗಂಡನ ತೊಡೆ ಕೆಂಪು, ನನ್ನ ಕೈ ಕೆಂಪು.

"ಅಯ್ಯೋ ಶಿವನೇ! ಏನು ಮಾಡಿದ್ರಿ ನಮ್ಮನೆಯವರಿಗೆ?"

"ಏನಿಲ್ಲಮ್ಮಾ, ಬರೀ ಸೋಪು" ಎಂದೆ. ಓಡಿಹೋಗಿ ನಿಂಬೆಹಣ್ಣು ತಂದು ಹಿಂಡಿದೆ. ಕೆಂಪು ಮತ್ತೆ ಹಳದಿಯಾಯಿತು! "ನೋಡಿದ್ರಾ?" ಎಂದೆ. ಯಾರೂ ನೋಡುವ ಸ್ಥಿತಿಯಲ್ಲಿರಲಿಲ್ಲ. ನಿಂಬೆರಸ ತೊಳೆಯಲು ಹೋದೆ, ಕೈಯಲ್ಲಿ ಸೋಪಿತ್ತು, ಇನ್ನೊಮ್ಮೆ ಕೆಂಪಾಯಿತು. ಗಂಡು ಬಾಯಿಗೆ ಕರವಸ್ತ್ರ ತುರುಕಿಕೊಂಡ. ಯಜಮಾನರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನೇ ಮೊದಲು ಇಳಿಯುತ್ತಿದ್ದೆ.

ಆಗ ನಾದಿನಿ ಯಾರೂ ಹೇಳದೆಯೇ ಎದ್ದು, ತನ್ನ ಅಣ್ಣನ ಒಗೆದ ಪಂಚೆ ತಂದು ಹಿರಿಯರ ಮುಂದೆ ಇಟ್ಟು, ಕೋಣೆಯ ಬಾಗಿಲು ತೋರಿಸಿದಳು. ಅವರು ಬದಲಿಸಿಕೊಂಡು ಬಂದು ಕೂತರು, ನನ್ನಿಂದ ಆದಷ್ಟು ದೂರದ ಕುರ್ಚಿಯಲ್ಲಿ. ಅತ್ತೆಗೆ ಕಣ್ಣಲ್ಲಿ ನೀರು. ಇದು ಮುರಿದೇ ಹೋಯಿತೆಂದು ಮುಚ್ಚುಮರೆ ಬಿಟ್ಟರು.

"ಎಲ್ಲಾ ಹೇಳಿಬಿಡ್ತೀನಿ ಸ್ವಾಮಿ. ಹುಡುಗಿ ಓದಿರೋದು ಬರೀ ಏಳನೇ ಕ್ಲಾಸು. ನಮ್ಮ ಸೊಸೆ ಮಾತ್ರ ಹತ್ತನೇ ತನಕ..."

ಹಿರಿಯರು ನನ್ನನ್ನು ನೋಡಿದರು. ಕೈಯಲ್ಲಿದ್ದ ಸೋಪು ನೋಡಿದರು. ಅತ್ತೆಗೆ ಎರಡೂ ಕೈ ಜೋಡಿಸಿದರು.

"ತಾಯಿ, ಏಳನೇ ಕ್ಲಾಸಿಗೇ ಬಿಡಿಸಿದ್ದೀರಲ್ಲ, ಪುಣ್ಯ ಕಟ್ಕೊಂಡ್ರಿ. ಇನ್ನು ಮೂರು ಕ್ಲಾಸು ಓದಿದ್ರೆ ಸೊಸೆ ಬಂದ ಮೇಲೆ ನಮ್ಮನೇಲಿ ಉಡೋಕೆ ಬಟ್ಟೆ ಇರ್ತಿರಲಿಲ್ಲ. ಮುಹೂರ್ತ ಇಡಿಸಿ!"